ಸಬ್ಬಸಿಗೆ ಪಾತಿ

ಅಜ್ಜಂಪುರದ ನಮ್ಮ ಮನೆಯಲ್ಲಿ ಮುಂದಿನ ಕೋಣೆ ಅಪ್ಪನದು, ನಡುಮನೆ ಅಜ್ಜಿಯದು, ಹಿತ್ತಲು ಅವ್ವನದು. ನನಗೆಂದು ಬೇರೆ ಜಾಗವಿರಲಿಲ್ಲ. ಯಾರು ಕೂಗಿದರೂ ಅಲ್ಲಿಗೆ ಓಡುವುದೇ ನನ್ನ ಕೆಲಸವಾಗಿತ್ತು. ಅಪ್ಪ ದರ್ಜಿ. ಬೀದಿಗೆ ತೆರೆದುಕೊಂಡ ಕೋಣೆಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡು ಸುತ್ತಲಿನ ಹಳ್ಳಿಯವರ ಅಂಗಿ, ರವಿಕೆ, ಲಂಗಗಳನ್ನು ಹೊಲಿಯುತ್ತಿದ್ದ. ಅವನ ಬಾಯಲ್ಲಿ ಯಾವಾಗಲೂ ನಾಲ್ಕೈದು ಗುಂಡುಸೂಜಿಗಳಿರುತ್ತಿದ್ದವು. ಅಜ್ಜಿಯೂ ಅವ್ವನೂ ಜಗಳವಾಡಿ ಇಬ್ಬರೂ ನ್ಯಾಯ ಕೇಳಲು ಬಂದು ನಿಂತರೆ, ಬಾಯಲ್ಲಿ ಸೂಜಿ ಇದೆ, ಈಗ ಮಾತಾಡಲಾರೆ ಎಂದು ಕೈಸನ್ನೆ ಮಾಡುತ್ತಿದ್ದ. ಆ ಸೂಜಿಗಳು ನಮ್ಮಪ್ಪನನ್ನು ಎಷ್ಟು ಜಗಳಗಳಿಂದ ಕಾಪಾಡಿದವೋ ದೇವರಿಗೇ ಗೊತ್ತು. ಅಜ್ಜಿ ಬೆಳಗ್ಗೆ ಎದ್ದು ಲಿಂಗಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಧರಿಸಿ ನಡುಮನೆಯ ಕಂಬಕ್ಕೆ ಒರಗಿ ಕೂತಳೆಂದರೆ ಒಲೆಯ ಮೇಲಿನ ಸಾರಿನಿಂದ ಹಿಡಿದು ಬೀದಿಯಲ್ಲಿ ಹೋಗುವವರ ಸಂಸಾರದವರೆಗೆ ಎಲ್ಲವೂ ಅವಳ ಸುಪರ್ದಿಗೆ ಸೇರುತ್ತಿತ್ತು. ಅವ್ವ ಅಡಿಗೆ ಮುಗಿದದ್ದೇ ತಡ ಹಿತ್ತಲಿಗೆ ಓಡುತ್ತಿದ್ದಳು. ಅಲ್ಲಿ ಒಂದು ಸೇದುವ ಬಾವಿ, ಬಚ್ಚಲು, ಒಂದು ನುಗ್ಗೆ ಮರ, ಹೀರೆಬಳ್ಳಿಯ ಚಪ್ಪರ, ಎರಡು ಸಾಲು ಬದನೆ, ಬೆಂಡೆ, ಮೂಲೆಯಲ್ಲಿ ದಂಟಿನ ಸೊಪ್ಪು. ಬೇಸಿಗೆ ಕಾಲಿಟ್ಟರೆ ಬಾವಿಯ ನೀರು ತಳ ಸೇರುತ್ತಿತ್ತು. ಆಗ ನಮ್ಮ ಮನೆಯಲ್ಲಿ ನೀರು ಒಂದೇ ಸಲಕ್ಕೆ ಮುಗಿಯುವಂತಿರಲಿಲ್ಲ. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆ ನೆನೆಸಬೇಕು, ಪಾತ್ರೆ ನೆನೆಸಿದ ನೀರನ್ನು ಬದನೆ ಬುಡಕ್ಕೆ ಹಾಕಬೇಕು, ಮಿಂದ ನೀರು ಬಚ್ಚಲ ಕಾಲುವೆಯಿಂದ ಚಪ್ಪರದ ಪಾತಿಗೆ ಹೋಗಬೇಕು. ಚೊಂಬು ಹಿಡಿದು ಗಿಡದಿಂದ ಗಿಡಕ್ಕೆ ನೀರು ಹಂಚುವುದು ನನ್ನ ಪಾಲಿಗೆ ಬಂದಿತ್ತು.

ಆ ವರ್ಷ ಶಿವರಾತ್ರಿಯ ಹೊತ್ತಿಗೆ ಅವ್ವನಿಗೆ ಏಳು ತಿಂಗಳು ತುಂಬಿತ್ತು. ನನಗೆ ಒಂಬತ್ತು ವರ್ಷ. ನನ್ನ ನಂತರ ಅವ್ವ ಎರಡು ಗಂಡುಮಕ್ಕಳನ್ನು ಹೆತ್ತಿದ್ದಳು, ಎರಡನ್ನೂ ಶಿವನಿಯ ತನ್ನ ತವರಿನಲ್ಲಿ. ಮೊದಲನೆಯದು ಮೂರು ದಿನ ಬದುಕಿತು, ಎರಡನೆಯದು ಹನ್ನೊಂದು ದಿನ. ಯಾಕೆ ಹೋದವು ಎಂಬುದಕ್ಕೆ ಅಜ್ಜಿಯ ಬಳಿ ಖಚಿತವಾದ ಉತ್ತರವಿತ್ತು. ಮೊದಲನೆಯ ಸಲ ಶಿವನಿಯವರು ಹೆರಿಗೆಗೆ ಮುಂಚೆಯೇ ತೊಲೆಗೆ ತೊಟ್ಟಿಲು ಕಟ್ಟಿದ್ದರು. ಎರಡನೆಯ ಸಲ ಮುಂಚೆಯೇ ಕೆಂಪು ಕುಲಾವಿ ತಂದಿಟ್ಟಿದ್ದರು. ಬರುವ ಕೂಸಿಗೆ ಮೊದಲೇ ಸಿದ್ಧತೆ ಮಾಡಿದರೆ ಅದು ಬಂದ ದಾರಿಯಲ್ಲೇ ಹಿಂತಿರುಗುತ್ತದೆ ಎಂದು ಅಜ್ಜಿ ನಂಬಿದ್ದಳು. ಆದ್ದರಿಂದ ಈ ಸಲದ ಹೆರಿಗೆ ಅಜ್ಜಂಪುರದಲ್ಲೇ, ತನ್ನ ಕಣ್ಣೆದುರಿಗೇ ಆಗಬೇಕೆಂದಳು. ಮನೆಯಲ್ಲಿ ತೊಟ್ಟಿಲ ಮಾತು ಎತ್ತುವಂತಿಲ್ಲ, ಹಳೇ ಸೀರೆ ಹರಿದು ಮಡಚಿಡುವಂತಿಲ್ಲ, ಬಾಣಂತಿಗೆ ಬೇಕಾಗುವ ಬೆಳ್ಳುಳ್ಳಿ, ಒಣಶುಂಠಿ, ಸಬ್ಬಸಿಗೆ ಯಾವುದನ್ನೂ ಕೂಡಿಡುವಂತಿಲ್ಲ. ದರ್ಜಿಯ ಮನೆಯಲ್ಲಿ ಮೂಟೆಗಟ್ಟಲೆ ಬಟ್ಟೆಚೂರು ಬಿದ್ದಿದ್ದರೂ ಅಂಗೈಯಗಲದ ಒಂದು ತುಂಡನ್ನು ಕೂಸಿಗೆಂದು ಎತ್ತಿಡುವ ಹಾಗಿರಲಿಲ್ಲ. ಇನ್ನೊಂದು ಮಾತನ್ನೂ ಅಜ್ಜಿ ಆಗಾಗ ಕಂಬಕ್ಕೆ ಹೇಳುವಂತೆ ಗಟ್ಟಿಯಾಗಿ ಹೇಳುತ್ತಿದ್ದಳು.

“ತರೀಕೆರೇಲಿ ನನ್ ತಮ್ಮನ ಮಗಳು ಇನ್ನೂ ಮದುವೆಯಿಲ್ದೆ ಕೂತವ್ಳೆ. ಈ ಸಲನೂ ಹಿಂಗೇ ಆದ್ರೆ ನನ್ ಮಗನ್ನ ನಾನು ಸುಮ್ನೆ ಬಿಡಾಕಿಲ್ಲ. ಇವಳ್ನ ಶಿವನಿಗೆ ಕಳಿಸಿ ಅವಳ್ನ ತಂದ್ಕೋತೀನಿ.”

ಒಳಗೆ ರೊಟ್ಟಿ ತಟ್ಟುತ್ತಿದ್ದ ಅವ್ವನ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಮತ್ತೆ ತಟ್ಟುವ ಸದ್ದು ಕೇಳಿಸುತ್ತಿತ್ತು.

ಯುಗಾದಿಗೆ ವಾರವಿರುವಾಗ ಒಂದು ಮಧ್ಯಾಹ್ನ ಅಜ್ಜಿ ಯಾರದೋ ಮನೆಗೆ ಮಾತಾಡಿಸಿಕೊಂಡು ಬರಲು ಹೋಗಿದ್ದಳು. ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಬಚ್ಚಲ ಗೋಡೆಗೂ ಹೀರೆ ಚಪ್ಪರಕ್ಕೂ ನಡುವೆ ಸದಾ ತಂಪಾಗಿರುವ ಒಂದು ಪಾತಿಯನ್ನು ಆಗಲೇ ಕೆದಕಿ ಗೊಬ್ಬರ ಬೆರೆಸಿ ಹಸನು ಮಾಡಿದ್ದಳು. ಬಗ್ಗಲಾಗದೆ ಒಂದು ಮಣೆ ಹಾಕಿಕೊಂಡು ಕಾಲು ಅಗಲಿಸಿ ಕೂತು, ಸೆರಗಿನ ಗಂಟಿನಿಂದ ಸಬ್ಬಸಿಗೆ ಬೀಜ ಬಿಚ್ಚಿದಳು. ಬೀಜಕ್ಕೆ ಮರಳು ಬೆರೆಸಿ, ಮೂರು ಬೆರಳಿನಲ್ಲಿ ಹಿಡಿದು, ರಂಗೋಲಿ ಬಿಡುವ ಹಾಗೆ ಪಾತಿಯ ತುಂಬ ಉದುರಿಸಿದಳು. ಮಣೆಯನ್ನು ಒಂದೊಂದೇ ಮೊಳ ಹಿಂದಕ್ಕೆ ಎಳೆಯುವುದು, ಕೂತ ಕಡೆಯಿಂದಲೇ ಮಣ್ಣು ಮುಚ್ಚುವುದು. ನಾನು ಚೊಂಬಿನ ಬಾಯಿಗೆ ಬೆರಳು ಅಡ್ಡ ಹಿಡಿದು ಬೀಜ ಕೊಚ್ಚಿಹೋಗದಂತೆ ನೀರು ಚಿಮುಕಿಸಿದೆ. ಅಜ್ಜಿ ಬೇಡವೆಂದಿದ್ದಾಳಲ್ಲ ಎಂದು ಕೇಳಿದ್ದಕ್ಕೆ ಅವ್ವ ಹೇಳಿದ್ದು ಈಗಲೂ ನನಗೆ ಅಕ್ಷರ ಬಿಡದೆ ನೆನಪಿದೆ.

“ನಿಮ್ಮಜ್ಜಿಗೆ ತೊಟ್ಲು ಕಂಡೈತೆ, ಕುಲಾವಿ ಕಂಡೈತೆ. ನಂಗೆ ಹಾಲೇ ಇರ್ಲಿಲ್ಲ ಕಣೇ. ಹನ್ನೊಂದು ದಿನ ಆ ಕೂಸು ಬರೀ ಎದೆ ಚೀಪಿ ಚೀಪಿ ಸಾಕಾಗಿ ಹೋಯ್ತು. ಬ್ಯಾಸಿಗೆ, ಎಲ್ಲಿ ಹುಡುಕಿದ್ರೂ ಒಂದು ಕಂತೆ ಸಬ್ಬಸಿಗೆ ಸಿಗ್ಲಿಲ್ಲ. ಈ ಸಲ ನನ್ ಹಿತ್ತಲಲ್ಲೇ ಇರ್ತದೆ. ನಲವತ್ತು ದಿನಕ್ಕೆ ಕುಯ್ಲಿಗೆ ಬತ್ತದೆ, ಅಷ್ಟೊತ್ತಿಗೆ…”

ಅಷ್ಟೊತ್ತಿಗೆ ಏನು ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಅಜ್ಜಿಯ ಮಾತನ್ನು ಅವಳೂ ಅರ್ಧ ನಂಬಿದ್ದಳೆಂದು ಈಗ ತೋರುತ್ತದೆ.

ಹತ್ತು ಹನ್ನೆರಡು ದಿನಕ್ಕೆ ಪಾತಿಯ ಮೇಲೆ ಹಸಿರು ನೂಲಿನಂಥ ಸಸಿಗಳು ಎದ್ದವು. ಯುಗಾದಿ ಕಳೆದಿತ್ತು, ಬೇವಿನ ಎಲೆ ಇನ್ನೂ ಬಾಗಿಲಲ್ಲಿ ಒಣಗುತ್ತಿತ್ತು. ಬೆಳಗ್ಗೆ ಬಚ್ಚಲಿಗೆ ಬಂದ ಅಜ್ಜಿ ಚಪ್ಪರದ ಪಕ್ಕ ನಿಂತಳು. ಒಂದು ಸಸಿಯ ತುದಿಯನ್ನು ಚಿವುಟಿ ಹೊಸಕಿ ಮೂಸಿದಳು. ಅವ್ವ ಬಾವಿಯ ಹತ್ತಿರ, ನಾನು ಬದನೆ ಸಾಲಿನಲ್ಲಿ.

“ಯಾರ್ ಹಾಕಿದ್ದು ಇದ್ನ?”

ಅವ್ವನ ಹಗ್ಗ ಹಿಡಿದ ಕೈ ಹಾಗೇ ನಿಂತಿತ್ತು. ಆಮೇಲೆ ನನ್ನ ಕಡೆ ನೋಡಿದಳು.

“ನೀಲಿ ಹಾಕಿದ್ದು ಅತ್ತೆ. ದಂಟಿನ ಬೀಜ ಹಾಕೇ ಅಂತ ಅಂದಿದ್ದೆ. ಡಬ್ಬಿ ತಪ್ಪಿಸಿಬಿಟ್ಟವ್ಳೆ.”

ಅಜ್ಜಿ ನನ್ನ ಕಡೆ ತಿರುಗಿದಳು. ಅವ್ವನ ಕಣ್ಣು ನನ್ನ ಮೇಲಿತ್ತು. ಅಷ್ಟು ದೊಡ್ಡ ಹೆಂಗಸು ನನ್ನನ್ನು ಹಾಗೆ ಬೇಡಿಕೊಂಡಂತೆ ನೋಡಿದ್ದು ಅದೇ ಮೊದಲು.

“ಹೂಂ ಅಜ್ಜಿ, ನಾನೇ ಹಾಕಿದ್ದು” ಎಂದೆ.

ನನ್ನ ಬೆನ್ನಿಗೆ ಎರಡು ಗುದ್ದು ಬಿದ್ದವು, ಅಷ್ಟೇ. ಅಜ್ಜಿ ಸಸಿಗಳನ್ನು ಕಿತ್ತೆಸೆಯಲೆಂದು ಬಗ್ಗಿದವಳು ತಡೆದು ನಿಂತಳು. ಬಸುರಿ ಇರುವ ಮನೆಯಲ್ಲಿ ಚಿಗುರಿದ ಪೈರನ್ನು ಬೇರುಸಮೇತ ಕೀಳಬಾರದೆಂಬುದೂ ಅವಳದೇ ಕಟ್ಟಳೆ. ಬಿತ್ತಿದ್ದು ತಪ್ಪು, ಕಿತ್ತರೆ ಇನ್ನೂ ದೊಡ್ಡ ತಪ್ಪು. ಪಾಪ, ಅಜ್ಜಿ ತನ್ನ ಬಲೆಯಲ್ಲಿ ತಾನೇ ಸಿಕ್ಕಿಕೊಂಡು ಸ್ವಲ್ಪ ಹೊತ್ತು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಕೊನೆಗೆ ತಾನೇ ಸಮಾಧಾನ ಮಾಡಿಕೊಂಡಳು.

“ತಿಳೀದ ಹುಡುಗಿ ಹಾಕಿದ್ದು, ದೇವರು ಲೆಕ್ಕಕ್ಕಿಟ್ಕಳಾಕಿಲ್ಲ ಬಿಡು. ನೀನೇನಾದ್ರೂ ಹಾಕಿದ್ದಿದ್ರೆ ಇವತ್ತೇ ನಿನ್ನ ಶಿವನಿ ಬಸ್ಸು ಹತ್ತಿಸ್ತಿದ್ದೆ.”

ಅವಳು ಒಳಗೆ ಹೋದ ಮೇಲೆ ಅವ್ವ ನನ್ನನ್ನು ಬಚ್ಚಲಿಗೆ ಎಳೆದುಕೊಂಡು ಬೆನ್ನು ಸವರಿದಳು. ನೋವಾಯಿತೇನೇ ಎಂದು ಕೇಳಿದಳು. ಸೆರಗಿನಿಂದ ಬೆಲ್ಲದ ಚೂರು ತೆಗೆದು ಬಾಯಿಗಿಟ್ಟಳು. ಚಿಕ್ಕ ಹುಡುಗಿಯಾದ್ದರಿಂದ ನಿನಗೆ ಬೈದು ಬಿಡುತ್ತಾರೆ, ನನ್ನನ್ನು ಬಿಡುವುದಿಲ್ಲ, ಕೂಸು ಹುಟ್ಟಿ ನಾಮಕರಣವಾಗಲಿ, ಆಮೇಲೆ ನಾನೇ ನಗುನಗುತ್ತಾ ಹೇಳಿಬಿಡುತ್ತೇನೆ ಎಂದಳು. ನನಗೆ ಹೆಮ್ಮೆಯೋ ಹೆಮ್ಮೆ. ಆ ಮುಂದಿನ ಮೂರು ವಾರಗಳಷ್ಟು ಸುಖವಾದ ಕಾಲವನ್ನು ನಾನು ಆ ಮನೆಯಲ್ಲಿ ಮತ್ತೆ ಕಾಣಲಿಲ್ಲ. ಬಿಸಿಲು ಏರುವ ಮುಂಚೆ ಒಂದು ಸಲ, ಹೊತ್ತು ಇಳಿದ ಮೇಲೆ ಒಂದು ಸಲ ಪಾತಿಗೆ ನೀರು ಹಾಕುತ್ತಿದ್ದೆ. ಬಾವಿಯಲ್ಲಿ ಕೆಸರು ಬರತೊಡಗಿದಾಗ ನನ್ನ ಮುಖ ತೊಳೆದ ನೀರನ್ನೂ ಬೋಗುಣಿಯಲ್ಲಿ ಹಿಡಿದು ತಂದು ಸುರಿದೆ. ಬದನೆ ಸೊರಗಿತು, ಬೆಂಡೆ ಕಾಯಿ ಬಿಡುವುದನ್ನೇ ನಿಲ್ಲಿಸಿತು. ಸಬ್ಬಸಿಗೆ ಮಾತ್ರ ಗೇಣುದ್ದ ಬೆಳೆದು ನವಿರಾಗಿ ಆಡುತ್ತಿತ್ತು. ಅವ್ವ ಮಣೆ ಹಾಕಿಕೊಂಡು ಕಳೆ ಕೀಳುತ್ತಾ, ಹೊಟ್ಟೆಯೊಳಗೆ ಕೂಸು ಒದ್ದಾಗ ನನ್ನ ಕೈ ಹಿಡಿದು ಅಲ್ಲಿ ಇಡುತ್ತಿದ್ದಳು. ಅವಳಿಗೆ ಆ ದಿನಗಳಲ್ಲಿ ಹಸಿಮಣ್ಣಿನ ವಾಸನೆಯ ಮೇಲೆ ಬಯಕೆ. ನೀರು ಹಾಕಿದ ಪಾತಿಯ ಪಕ್ಕ ಸುಮ್ಮನೆ ಕೂತು ಮೂಸುತ್ತಿದ್ದಳು, ನಾನೂ ಅವಳ ಪಕ್ಕ ಕೂತು ಮೂಸುತ್ತಿದ್ದೆ. ಗುಟ್ಟು ಹಂಚಿಕೊಂಡ ಇಬ್ಬರು ಗೆಳತಿಯರ ಹಾಗೆ ನಾವು ಸುಮ್ಮಸುಮ್ಮನೆ ನಗುತ್ತಿದ್ದೆವು.

ಬಸವ ಜಯಂತಿಗೆ ಇನ್ನೂ ನಾಲ್ಕು ದಿನವಿತ್ತು. ಬೆಳಗಿನ ರೊಟ್ಟಿ ಅರ್ಧಕ್ಕೆ ನಿಂತಿತು. ಅಜ್ಜಿ ಸೂಲಗಿತ್ತಿ ಕೆಂಚಮ್ಮನನ್ನು ಕರೆಸಿದಳು. ನನ್ನನ್ನು ಹಿತ್ತಲಿಗೆ ಅಟ್ಟಿ ಬಾಗಿಲು ಹಾಕಿದರು. ಮುಂದಿನ ಕೋಣೆಯಿಂದ ಮಿಷನ್ನಿನ ಸದ್ದು ಒಂದು ಕ್ಷಣವೂ ನಿಲ್ಲದೆ ಕೇಳುತ್ತಿತ್ತು. ಅಪ್ಪ ಏನು ಹೊಲಿಯುತ್ತಿದ್ದನೋ, ಖಾಲಿ ಮಿಷನ್ನೇ ತುಳಿಯುತ್ತಿದ್ದನೋ ತಿಳಿಯದು. ಬಿಸಿಲು ನೆತ್ತಿಗೇರಿತು, ಇಳಿಯಿತು. ಅವ್ವನ ಕೂಗು ಕೇಳಿ ಕೇಳಿ ಒಮ್ಮೆಗೇ ನಿಂತಿತು. ಅದರ ಬೆನ್ನಿಗೆ ಕೇಳಬೇಕಾಗಿದ್ದ ಇನ್ನೊಂದು ದನಿ ಕೇಳಲೇ ಇಲ್ಲ. ನಾನು ಬಾಗಿಲ ಸಂದಿಗೆ ಕಿವಿಯಿಟ್ಟೆ. ಗಂಡು ಕೂಸು, ಉಸಿರಿಲ್ಲದೆ ಬಂದಿತ್ತು.

“ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು ಸುತ್ಕೊಂಡಿತ್ತು ಕಣವ್ವ. ಯಾರೇನು ಮಾಡಾಕಾಯ್ತದೆ?” ಇದು ಕೆಂಚಮ್ಮ.

“ಬಳ್ಳಿ ಸುತ್ಕೊಂಡಿತ್ತು ಸರಿ. ಯಾಕೆ ಸುತ್ಕೊಂತು ಹೇಳು?” ಇದು ಅಜ್ಜಿ.

ಬಾಗಿಲು ತೆರೆಯಿತು. ಅಜ್ಜಿ ಹಿತ್ತಲಿಗೆ ಬಂದು ಪಾತಿಯ ಮುಂದೆ ನಿಂತಳು. ಹೊಡೆಯುತ್ತಾಳೆ ಎಂದುಕೊಂಡು ನಾನು ಬೆನ್ನು ಬಗ್ಗಿಸಿದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ನೆಲಕ್ಕೆ ಕುಸಿದು ಕೂತು ಎರಡು ಕೈಯಲ್ಲೂ ಸೊಪ್ಪನ್ನು ಹಿಡಿಹಿಡಿಯಾಗಿ ಕೀಳುತ್ತಾ ಅಳತೊಡಗಿದಳು. ಈಗ ಕೀಳಬಾರದೆಂಬ ಕಟ್ಟಳೆ ಇರಲಿಲ್ಲ.

“ಏನ್ ಕೈನೇ ನಿಂದು, ಏನ್ ಕೈನೇ! ಹುಡುಗಾಟಕ್ಕೆ ಹಾಕಿ ಒಡಹುಟ್ಟಿದೋನ್ನ ನುಂಗಿಬಿಟ್ಯಲ್ಲೇ!”

ತೆರೆದ ಬಾಗಿಲಿನಿಂದ ಅವ್ವ ಮಲಗಿದ್ದ ಚಾಪೆ ಕಾಣುತ್ತಿತ್ತು. ಅಜ್ಜಿಯ ಮಾತು ಅವಳಿಗೆ ಕೇಳದೆ ಇರಲು ಸಾಧ್ಯವೇ ಇರಲಿಲ್ಲ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಅವಳ ಬೆನ್ನನ್ನೇ ನೋಡುತ್ತಾ ನಿಂತೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದಳು. ಅಪ್ಪ ಕೂಸನ್ನು ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಹೋದ. ನನಗೆ ಅದರ ಮುಖವನ್ನೂ ತೋರಿಸಲಿಲ್ಲ, ನೆರಳು ಬೀಳಬಾರದೆಂದು ಅಜ್ಜಿ ಅಡ್ಡ ನಿಂತಿದ್ದಳು.

ಆ ಸಲ ಅವ್ವನಿಗೆ ಹಾಲು ಬಂತು, ಬೇಡವೆಂದರೂ ಬಂತು. ರವಿಕೆ ಒದ್ದೆಯಾಗುತ್ತಿತ್ತು. ಹಾಲು ಬತ್ತಲೆಂದು ಕೆಂಚಮ್ಮ ಮಲ್ಲಿಗೆ ಹೂವನ್ನು ಎದೆಗೆ ಕಟ್ಟಿ ಬಿಗಿಯಾಗಿ ಬಟ್ಟೆ ಸುತ್ತಿದಳು. ತಿಪ್ಪೆಗೆ ಎಸೆದ ಸಬ್ಬಸಿಗೆ ಬಿಸಿಲಿಗೆ ಬಾಡಿ ಅದರ ಘಾಟು ಮೂರು ದಿನ ಮನೆಯೊಳಗೆಲ್ಲ ತುಂಬಿತ್ತು. ಮೂರನೆಯ ದಿನ ಅಜ್ಜಿ ಪೂಜೆಗೆ ಕೂತಾಗ ನಾನು ಅವ್ವನ ಚಾಪೆಯ ಬಳಿ ಹೋಗಿ ಕೂತೆ.

“ಅವ್ವಾ, ಅಜ್ಜಿಗೆ ಹೇಳೇ.”

ಅವ್ವ ನನ್ನ ಕೈ ಹಿಡಿದುಕೊಂಡಳು.

“ಈಗ ಬ್ಯಾಡ ಕಣೇ. ಆಮೇಲೆ ಹೇಳ್ತೀನಿ.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ತರೀಕೆರೆಯ ಆ ಹುಡುಗಿ ನಮ್ಮ ಮನೆಗೆ ಬಂದು ಅವ್ವ ಬಸ್ಸು ಹತ್ತುವುದನ್ನು ನೆನೆದರೆ ನನಗೂ ಹೆದರಿಕೆಯಾಗುತ್ತಿತ್ತು. ಆಮೇಲೆ ಎಂದಿದ್ದಾಳಲ್ಲ, ಕಾಯೋಣ ಎಂದುಕೊಂಡೆ. ಅದೇ ವಾರ ಇನ್ನೊಂದು ನೋಡಿದೆ. ಊಟಕ್ಕೆ ಕರೆಯಲು ಮುಂದಿನ ಕೋಣೆಗೆ ಹೋದಾಗ ಅಪ್ಪ ಬಾಗಿಲಿಗೆ ಬೆನ್ನು ಹಾಕಿ ಕೂತು ಏನನ್ನೋ ಬ್ಲೇಡಿನಿಂದ ಬಿಚ್ಚುತ್ತಿದ್ದ. ಹತ್ತಿರ ಹೋದೆ. ಒಂದು ಪುಟ್ಟ ಕುಲಾವಿ. ನೀಲಿ ಮಲ್‌ಬಟ್ಟೆಯದು, ಅಂಚಿಗೆ ಹಳದಿ ನೂಲಿನ ಹೊಲಿಗೆ. ಯಾವಾಗ ಹೊಲಿದು ಮಿಷನ್ನಿನ ಖಾನೆಯಲ್ಲಿ ಬಚ್ಚಿಟ್ಟಿದ್ದನೋ. ಒಂದೊಂದೇ ಹೊಲಿಗೆ ಬಿಚ್ಚಿ, ಬಟ್ಟೆಯನ್ನು ತೊಡೆಯ ಮೇಲೆ ಸವರಿ ನೆಟ್ಟಗೆ ಮಾಡಿ, ಯಾರದೋ ಅಂಗಿಯ ಕಾಲರಿನ ಒಳಗೆ ಇಟ್ಟು ಹೊಲಿದುಬಿಟ್ಟ. ತಿರುಗಿದಾಗ ನಾನು ನಿಂತಿದ್ದೆ. ಅವನು ನನ್ನನ್ನು ನೋಡಿದ, ಬಾಯಿ ತೆರೆದ. ಆ ದಿನ ಬಾಯಲ್ಲಿ ಸೂಜಿಗಳಿರಲಿಲ್ಲ. ಡಬ್ಬಿಯಿಂದ ಎರಡು ಸೂಜಿ ತೆಗೆದು ತುಟಿಗಳ ನಡುವೆ ಇಟ್ಟುಕೊಂಡ.

ಹೀಗೆ ನಮ್ಮ ಮನೆಯಲ್ಲಿ ಆ ಕೂಸಿಗಾಗಿ ಅವ್ವ ಸಿದ್ಧತೆ ಮಾಡಿದ್ದಳು, ಅಪ್ಪ ಮಾಡಿದ್ದ. ಏನೂ ಮಾಡದೆ ಸಿಕ್ಕಿಬಿದ್ದವಳು ನಾನೊಬ್ಬಳೇ. ಅಜ್ಜಿ ಕ್ರೂರಿಯಾಗಿರಲಿಲ್ಲ. ತಲೆ ಬಾಚುತ್ತಿದ್ದಳು, ಜ್ವರ ಬಂದರೆ ಪಕ್ಕದಲ್ಲಿ ಕೂರುತ್ತಿದ್ದಳು, ತನ್ನ ಪಾಲಿನ ತುಪ್ಪವನ್ನೂ ನನ್ನ ಮುದ್ದೆಗೆ ಹಾಕುತ್ತಿದ್ದಳು. ಆದರೆ ಬೀಜದ ಡಬ್ಬಿ ಮುಟ್ಟಗೊಡಲಿಲ್ಲ. ಹಾಲಿಗೆ ಹೆಪ್ಪು ಹಾಕಲು, ಉಪ್ಪಿನಕಾಯಿ ಜಾಡಿ ತೆಗೆಯಲು ನನ್ನ ಕೈ ಬೇಡ. ಓಣಿಯಲ್ಲಿ ಯಾರ ಮಗಳಿಗಾದರೂ ಮಡಿಲು ತುಂಬಿದರೆ ಅಜ್ಜಿ ನನಗೆ ಏನಾದರೊಂದು ಕೆಲಸ ಹೇಳಿ ಮನೆಯಲ್ಲೇ ಉಳಿಸುತ್ತಿದ್ದಳು. ಓಣಿಯವರಿಗೂ ವಿಷಯ ತಿಳಿಯಲು ತಡವಾಗಲಿಲ್ಲ. ನೀಲಿಯ ಕೈಗುಣ ಒಳ್ಳೆಯದಲ್ಲವಂತೆ ಎಂದು ನನ್ನ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿಯರೇ ಹೇಳಿದರು. ವಿಚಿತ್ರವೆಂದರೆ ಅಜ್ಜಿಗೂ ಅವ್ವನಿಗೂ ಜಗಳ ಕಡಿಮೆಯಾಯಿತು. ತಪ್ಪು ಸೊಸೆಯದಲ್ಲ, ಮೊಮ್ಮಗಳದು ಎಂದಾದ ಮೇಲೆ ತರೀಕೆರೆಯ ಮಾತು ನಿಂತುಹೋಯಿತು. ಇಬ್ಬರೂ ಒಟ್ಟಿಗೆ ಕೂತು ಅವರೆಕಾಳು ಸುಲಿಯುತ್ತಿದ್ದರು. ನಾನು ಹತ್ತಿರ ಹೋದರೆ ಮಾತು ಬದಲಿಸುತ್ತಿದ್ದರು. ಅವ್ವನಿಗೆ ಮತ್ತೆ ಮಕ್ಕಳಾಗಲಿಲ್ಲ. ಕಾಯುವುದು ಎಂದರೆ ಏನೆಂದು ನಾನು ಕಲಿತದ್ದು ಆ ವರ್ಷಗಳಲ್ಲಿ. ಅಡಿಗೆಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಗಲೆಲ್ಲ ಸುಮ್ಮನೆ ಹೋಗಿ ನಿಲ್ಲುತ್ತಿದ್ದೆ. ಅವಳು ಏನು ಬೇಕೇ ಎಂದು ಕೇಳುತ್ತಿದ್ದಳು. ಏನಿಲ್ಲ ಎಂದು ಹೊರಗೆ ಬರುತ್ತಿದ್ದೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ನನ್ನ ಕೈಯಿಂದಲೇ ಗಂಜಿ ಕುಡಿದಳು, ಆದರೂ ಅವಳು ಹೋದದ್ದು ಆ ಬೀಜ ಹಾಕಿದವಳು ನಾನೇ ಎಂದು ನಂಬಿಕೊಂಡೇ. ಹೇಳಬೇಕಾದವಳು ಪಕ್ಕದಲ್ಲೇ ಕೂತು ಕಾಲು ಒತ್ತುತ್ತಿದ್ದಳು.

ಮದುವೆಯಾಗಿ ಕಡೂರಿಗೆ ಬಂದೆ. ನನ್ನ ಗಂಡ ಆಫೀಸೊಂದರಲ್ಲಿ ಗುಮಾಸ್ತ. ಬಾಡಿಗೆ ಮನೆಯಾದರೂ ಹಿಂದೆ ನಾಲ್ಕು ಪಾತಿ ಮಾಡುವಷ್ಟು ಜಾಗವಿತ್ತು. ಮೂರು ವರ್ಷ ಆ ಜಾಗವನ್ನು ಹಾಗೇ ಬಿಟ್ಟಿದ್ದೆ. ನಾನು ಬಸುರಿಯಾಗಿ ಏಳು ತುಂಬಿದಾಗ, ಯುಗಾದಿಯ ಹೊತ್ತಿನಲ್ಲಿ, ಏನು ತೋರಿತೋ, ನೆಲ ಕೆದಕಿದೆ. ಅಷ್ಟು ಹೊತ್ತಿಗೆ ಅವ್ವ ಅಜ್ಜಂಪುರದಿಂದ ನನ್ನನ್ನು ನೋಡಿಕೊಳ್ಳಲು ಬಂದಿದ್ದಳು. ಅವಳ ಕೂದಲು ಆಗಲೇ ಅರ್ಧ ಬೆಳ್ಳಗಾಗಿತ್ತು. ನಾನು ಮಣೆ ಹಾಕಿಕೊಂಡು ಕೂತು ಸಬ್ಬಸಿಗೆ ಬೀಜದ ಪೊಟ್ಟಣ ಬಿಚ್ಚುತ್ತಿದ್ದೆ. ಅವ್ವ ಒಳಗಿಂದ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು. ಹಿಡಿತ ಬಿಗಿಯಾಗಿತ್ತು.

“ನೀನು ಹಾಕ್ಬ್ಯಾಡ ಕಣೇ. ಇತ್ತಾಗಿ ಕೊಡು, ನಾನು ಹಾಕ್ತೀನಿ.”

“ಯಾಕವ್ವಾ?”

“ಮರ್ತುಬಿಟ್ಯಾ? ಆ ವರ್ಷ ನೀನು ಸಬ್ಬಸಿಗೆ ಹಾಕಿ…”

ನಾನು ಅವಳ ಮುಖ ನೋಡಿದೆ. ಹದಿನೈದು ವರ್ಷ ಆ ಮುಖವನ್ನು ಓದಿದವಳು ನಾನು, ಅದರಲ್ಲಿ ಸುಳ್ಳು ಯಾವಾಗ ಬಂದು ಕೂರುತ್ತದೆಂದು ನನಗೆ ಗೊತ್ತು. ಅಲ್ಲಿ ಸುಳ್ಳಿರಲಿಲ್ಲ. ಬರೀ ಹೆದರಿಕೆ ಇತ್ತು, ನನ್ನ ಕೂಸಿಗಾಗಿ.

“ನಾನೇ ಹಾಕಿದ್ನಾ ಅವ್ವಾ?”

“ಇನ್ಯಾರು? ಪಾಪ, ನೀನಾದ್ರೂ ಏನ್ ಮಾಡ್ತೀಯ, ಚಿಕ್ಕೋಳು, ಡಬ್ಬಿ ತಪ್ಪಿಸಿಬಿಟ್ಟೆ.” ಅವಳು ನನ್ನ ತಲೆಯ ಮೇಲೆ ಕೈಯಿಟ್ಟಳು, ದನಿ ಮೆತ್ತಗಾಯಿತು. “ಹೋಗ್ಲಿ ಬಿಡು. ಅದಕ್ಕೆ ನಾನು ಯಾವತ್ತಾದ್ರೂ ನಿಂಗೆ ಒಂದು ಮಾತು ಅಂದಿದೀನಾ?”

“ಇಲ್ಲವ್ವಾ, ಅಂದಿಲ್ಲ” ಎಂದೆ. ಪೊಟ್ಟಣವನ್ನು ಅವಳ ಕೈಗೆ ಕೊಟ್ಟು, ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದೆ.